ಲುತ್ಸಿಯಾಳಿಗೆ ಒಂದು ಸಲಾಂ

ಎರಡು ವರ್ಷ ನಾನು ಶುಕೂರ್ ಅವರನ್ನು ವಿಮೆ ಏಜೆಂಟರೆಂದೇ ತಿಳಿದು ತಪ್ಪಿಸಿಕೊಂಡು ತಿರುಗಿದ್ದೆ. ತಿಳಿಯದೆ ಇರುವುದಾದರೂ ಹೇಗೆ? ಕೈಯಲ್ಲೊಂದು ಸಣ್ಣ ಪುಸ್ತಕ, ಕಿವಿಯ ಮೇಲೊಂದು ಪೆನ್ನು. ದುಬೈಯ ಕರಾಮದ ನಮ್ಮ ಕಟ್ಟಡದ ಕೆಳಗೋ ಹೋಟೆಲಿನ ಬಾಗಿಲಲ್ಲೋ ನಿಂತು, ಕರಾವಳಿಯ ಮುಖ ಕಂಡರೆ ಸಾಕು, "ತಾಯಿ ಉಂಟಾ? ಮನೆ ಎಲ್ಲಿ ಬರ್ತದೆ? ಬಸ್ ಸ್ಟಾಪಿಂದ ಎಷ್ಟು ದೂರ?" ಎಂದು ಕೇಳಿ ಬರೆದುಕೊಳ್ಳುವ ಮನುಷ್ಯ ಇನ್ನೇನಾಗಿರಲು ಸಾಧ್ಯ? ಅವರನ್ನು ಕಂಡರೆ ನಾನು ತರಕಾರಿ ಅಂಗಡಿಗೆ ನುಗ್ಗಿ, ಬೇಡದಿದ್ದರೂ ಅರ್ಧ ಕಿಲೋ ಈರುಳ್ಳಿ ಆರಿಸುತ್ತ ನಿಲ್ಲುತ್ತಿದ್ದೆ. ಆ ಎರಡು ವರ್ಷ ನಮ್ಮ ಮನೆಯಲ್ಲಿ ಈರುಳ್ಳಿಗೆ ಕೊರತೆಯಿರಲಿಲ್ಲ.

ಕಡೆಗೊಂದು ದಿನ ಲಿಫ್ಟಿನಲ್ಲಿ ಸಿಕ್ಕಿಬಿದ್ದೆ. ಲಿಫ್ಟಿನಲ್ಲಿ ಈರುಳ್ಳಿ ಇಲ್ಲ.

"ನಂದು ಪಾಲಿಸಿ ಆಗಿದೆ. ಎರಡುಂಟು," ಎಂದೆ, ಅವರು ಬಾಯಿ ತೆರೆಯುವ ಮೊದಲೇ.

"ಒಳ್ಳೇದಾಯ್ತು ಮಾರಾಯ್ರೆ, ಅಲ್ಲಾಹು ಬರ್ಕತ್ ಕೊಡ್ಲಿ," ಎಂದರು ಅವರು. "ನಾನು ಶುಕ್ರವಾರ ಊರಿಗೆ ಹೋಗ್ತಾ ಇದ್ದೇನೆ. ನಿಮ್ಮ ಸಲಾಂ ಯಾರಿಗಾದ್ರೂ ಮುಟ್ಟಿಸ್ಲಿಕ್ಕುಂಟಾ ಅಂತ ಕೇಳ್ಬೇಕಿತ್ತು. ನೀವು ಯಾವಾಗ ನೋಡಿದ್ರೂ ಈರುಳ್ಳಿ ತಗೊಳ್ಳುವ ಗಡಿಬಿಡಿಯಲ್ಲಿ ಇರ್ತೀರಿ."

ನಾಚಿಕೆಯಿಂದ ತಪ್ಪಿಸಿಕೊಳ್ಳಲು ಸುರತ್ಕಲ್ಲಿನ ನನ್ನ ಚಿಕ್ಕಮ್ಮನ ಹೆಸರು ಕೊಟ್ಟೆ. ಹತ್ತು ದಿನಕ್ಕೆ ಚಿಕ್ಕಮ್ಮನ ಫೋನು. ನಡುಮಧ್ಯಾಹ್ನದ ಬಿಸಿಲಿಗೆ ಯಾರೋ ಬ್ಯಾರಿಯೊಬ್ಬರು ಗೇಟಿನ ಹತ್ತಿರ ಬಂದು, ಚಪ್ಪಲಿ ಬಿಟ್ಟು, ಎದೆಯ ಮೇಲೆ ಕೈಯಿಟ್ಟು, "ದುಬೈಯಿಂದ ನಿಮ್ಮ ಅಕ್ಕನ ಮಗ ನಮಸ್ಕಾರ ಹೇಳಿದ್ದಾರೆ" ಎಂದು ಹೇಳಿ, ಒಂದು ಲೋಟ ನೀರು ಕುಡಿದು ಹೋದರಂತೆ. ಅಷ್ಟೇ. ನಾನು ದಿನಾ ಬೆಳಿಗ್ಗೆ ಅವಳಿಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳಿಸುತ್ತಿದ್ದೆ. ಅದಕ್ಕೆ ಅವಳು ಒಮ್ಮೆಯೂ ಅತ್ತದ್ದಿಲ್ಲ.

ಶುಕೂರ್ ಕೃಷ್ಣಾಪುರದವರು. ರಾಸ್ ಅಲ್ ಖೋರಿನ ಗ್ಯಾರೇಜೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಕಾರುಗಳ ರೇಡಿಯೇಟರು, ಎಸಿ ನೋಡಿಕೊಳ್ಳುವ ಮೆಕ್ಯಾನಿಕ್ಕು. ಒಬ್ಬರು ಹೇಳಿ ಕಳಿಸಿದ ಸಲಾಂ ಅವರ ಪಾಲಿಗೆ ಅಮಾನತ್ತು, ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಮುಟ್ಟಿಸದೆ ಇಟ್ಟುಕೊಂಡರೆ ನಾಳೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕು. ಹಾಗಾಗಿ ಒಂದು ತಿಂಗಳ ರಜೆಯಲ್ಲಿ ಮೊದಲ ವಾರ ಪೂರ್ತಿ ಅವರಿಗೆ ಬಸ್ಸಿನಲ್ಲೇ ಕಳೆಯುತ್ತದೆ. ಬಜ್ಪೆಯಿಂದ ಪಡುಬಿದ್ರಿಯ ತನಕ ಅವರು ಸಲಾಂ ಮುಟ್ಟಿಸದ ಊರಿಲ್ಲ. "ಮದುವೆಯಾದವಳು ನಾನೋ, ನಿಮ್ಮ ಪುಸ್ತಕವೋ?" ಎಂದು ಹೆಂಡತಿ ಜಮೀಲ ಪ್ರತಿವರ್ಷ ಕೇಳುತ್ತಾರಂತೆ.

ಇಂಥವರ ಕೈಗೆ ಆಂತೆ ತನ್ನ ಸಲಾಂ ಕೊಟ್ಟ.

ಆಂತೆ ಕ್ರೊಯೇಷಿಯಾದವನು, ಹಡಗಿನ ಇಂಜಿನಿಯರ್ ಆಗಿ ನಿವೃತ್ತನಾದವನು. ಅವನ ಹಳೇ ಕಾರಿನ ಎಸಿ ಶುಕೂರ್ ಮುಟ್ಟಿದರೆ ಮಾತ್ರ ತಣ್ಣಗಾಗುತ್ತಿತ್ತು. ಹದಿನಾಲ್ಕು ವರ್ಷದ ಸ್ನೇಹದಲ್ಲಿ ಇಬ್ಬರೂ ಆಡಿದ ಮಾತು ಒಂದು ಹಾಳೆಗೆ ಸಾಲದು. ಆಂತೆ ಬಂದು ಬಾನೆಟ್ ತೋರಿಸುತ್ತಿದ್ದ, ಇವರು ಹಾಲಿಲ್ಲದ ಸುಲೈಮಾನಿ ಚಹಾ ತರಿಸುತ್ತಿದ್ದರು, ಆಯಿತು. ಹೃದಯದ ಆಪರೇಷನ್ನಿಗೆ ಅಬುಧಾಬಿಗೆ ಹೋಗುವ ಹಿಂದಿನ ದಿನ ಅವನು ಕಾರಿನ ಕೀಲಿ ಕೊಟ್ಟು, ತನಗೊಬ್ಬಳು ಅಕ್ಕ ಇದ್ದಾಳೆಂದೂ, ಅಪ್ಪನ ದೋಣಿ ಯಾರಿಗೆಂಬ ಜಗಳದಲ್ಲಿ ಹನ್ನೊಂದು ವರ್ಷದಿಂದ ಮಾತಿಲ್ಲವೆಂದೂ ಹೇಳಿದ. ಆಮೇಲೆ ತನ್ನ ಭಾಷೆಯಲ್ಲಿ ಎರಡೇ ಶಬ್ದ: "ಪೊಜ್ದ್ರಾವಿ ಲುತ್ಸಿಯು." ಲುತ್ಸಿಯಾಳಿಗೆ ಸಲಾಂ ಹೇಳು. ಶುಕೂರ್ ಅದನ್ನು ಎರಡು ಸಲ ಹೇಳಿಸಿಕೊಂಡು ಕನ್ನಡದಲ್ಲಿ ಬರೆದಿಟ್ಟರು. ಆಪರೇಷನ್ ಆದ ಮೂರನೇ ದಿನ ಆಂತೆ ತೀರಿಕೊಂಡ.

ಎರಡು ತಿಂಗಳ ಮೇಲೆ ಲುತ್ಸಿಯಾಳ ಮಗಳು ಆನಾ ಗ್ಯಾರೇಜಿಗೆ ಫೋನು ಮಾಡಿದಳು. ಮಾವನ ಕಾರು ನೋಡಲು ತಾನೂ ಅಮ್ಮನೂ ಹದಿನೈದು ದಿನದಲ್ಲಿ ಬರುತ್ತೇವೆ, ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಎಂದಳು. ಶುಕೂರ್ ನೇರ ನನ್ನಲ್ಲಿಗೆ ಬಂದರು. ಲುತ್ಸಿಯಾಳ ಮುಂದೆ ನಿಂತು ಅವಳ ಭಾಷೆಯಲ್ಲೇ ಹೇಳಬೇಕು, ಕಲಿಸುವವರು ಯಾರಾದರೂ ಉಂಟಾ?

ಇದ್ದರು. ಊದ್ ಮೇಥಾದ ಜುವಾಕಿಂ, ಕರಾವಳಿಯವರ ಬಾಯಲ್ಲಿ ಪೊರ್ಬುಗಳು, ಎಂದರೆ ಕೊಂಕಣಿ ಕ್ರಿಶ್ಚಿಯನ್ನರು. ಹತ್ತೊಂಬತ್ತು ವರ್ಷ ಪ್ರವಾಸಿ ಹಡಗಿನಲ್ಲಿ ಊಟ ಬಡಿಸಿದವರು. ಅವರ ಹಡಗು ಕ್ರೊಯೇಷಿಯಾದ ಬಂದರಿನಲ್ಲಿ ಆರು ಸಲ ನಿಂತಿತ್ತು. ಆ ಆರು ಸಲದ ಬಲದಿಂದ ಅವರ ಕಾರ್ಡಿನಲ್ಲಿ 'ಬಹುಭಾಷಾ ಸಲಹೆಗಾರರು' ಎಂದು ಅಚ್ಚಾಗಿದೆ. ಜುವಾಕಿಂ, ಶುಕೂರ್ ಅವರನ್ನು ಎದುರಿಗೆ ಕೂರಿಸಿಕೊಂಡು, ಕನ್ನಡಕ ಏರಿಸಿ, ಗೋಡೆಗೆ ಕ್ಯಾಲೆಂಡರ್ ತಿರುವಿ ಹಾಕಿ ಅದರ ಬೆನ್ನ ಮೇಲೆ ಪಾಠ ಬರೆದರು.

"ಆಂತೆ ಹೇಳಿದ್ದು ನಿಮಗೆ ಕೊಟ್ಟ ಆರ್ಡರು. ಅದನ್ನೇ ಅವಳ ಹತ್ರ ಹೇಳಿದ್ರೆ ಅವಳಿಗೇ ಆರ್ಡರ್ ಮಾಡಿದ ಹಾಗೆ ಆಗ್ತದೆ. ನಾವು ಹೇಳುತ್ತೇನೆ, ಹೇಳುತ್ತೀ, ಹೇಳುತ್ತಾನೆ ಅನ್ನುವುದಿಲ್ವಾ? ಹಾಗೆಯೇ. ನಾನು ಸಲಾಂ ಹೇಳ್ತೇನೆ ಅಂದ್ರೆ ಪೊಜ್ದ್ರಾವ್ಲ್ಯಾಮ್. ನೀನು ಅಂದ್ರೆ ಪೊಜ್ದ್ರಾವ್ಲ್ಯಾಶ್. ಅವನು ಅಂದ್ರೆ ಪೊಜ್ದ್ರಾವ್ಲ್ಯಾ."

"ಅವಳು ಅಂದ್ರೆ?"

"ಅದೂ ಪೊಜ್ದ್ರಾವ್ಲ್ಯಾವೇ."

"ಗಂಡಸಿಗೂ ಹೆಂಗಸಿಗೂ ಒಂದೇ! ಒಳ್ಳೇ ಜನ," ಎಂದು ಶುಕೂರ್ ಸಂತೋಷಪಟ್ಟರು. "ಹಾಗಾದ್ರೆ ಆಂತೆಗೆ ಕಲಿತದ್ರಲ್ಲೇ ಜಮೀಲಳದ್ದೂ ಆಯ್ತು."

"ಜಮೀಲ ಎಲ್ಲಿಂದ ಬಂದ್ರು ಮಧ್ಯದಲ್ಲಿ?"

"ಎಂತ ಪೊರ್ಬುಗಳೇ, ಒಬ್ಬರ ಮನೆಗೆ ಹೋದ್ರೆ ಮೊದಲು ನಮ್ಮ ಸಲಾಂ, ಹೆಂಡತಿಯ ಸಲಾಂ, ಮತ್ತೆ ಜೊತೆಯವರದ್ದು. ಕಡೆಗೆ ಕಳಿಸಿದವರದ್ದು. ಸೀದಾ ಹೋಗಿ ಕೊಟ್ಟು ಬರ್ಲಿಕ್ಕೆ ಅದೆಂತ ಪಾರ್ಸೆಲಾ?"

ಹಾಗಾಗಿ 'ನಾವು' ಬೇಕಾಯಿತು: ಪೊಜ್ದ್ರಾವ್ಲ್ಯಾಮೊ. ಗ್ಯಾರೇಜಿನ ಹುಡುಗರಿಗಾಗಿ 'ಅವರು' ಬೇಕಾಯಿತು: ಪೊಜ್ದ್ರಾವ್ಲ್ಯಾಯು. 'ನೀವು ಸಲಾಂ ಹೇಳುತ್ತೀರಿ' ಎಂಬ ಪೊಜ್ದ್ರಾವ್ಲ್ಯಾತೆ ಮಾತ್ರ ಬೇಡವೆಂದರು: "ಅದು ಅವರ ಇಷ್ಟ. ನಾವು ಹೇಳಿಸ್ಲಿಕ್ಕಾಗ್ತದಾ?"

ಹತ್ತು ದಿನ ಅವರು ಫೋನಿನಲ್ಲಿ ಜಮೀಲರ ಮೇಲೆಯೇ ಅಭ್ಯಾಸ ಮಾಡಿದರು. "ಇಪ್ಪತ್ತೇಳು ವರ್ಷದಲ್ಲಿ ಅರಬಿ ಬರ್ಲಿಲ್ಲ, ಈಗ ಇದು ಯಾವ ಭೂತ?" ಎಂದು ಮೊದಲ ದಿನ ಗದರಿದ ಆಕೆ, ಐದನೇ ದಿನ, "ನನಗೆ ಒಂದು ದಿನದಲ್ಲಿ ಇಷ್ಟು ಸಲ ಸಲಾಂ ಹೇಳಿದ್ದುಂಟಾ ನೀವು?" ಎಂದರಂತೆ. ಫೋನು ಮಾತ್ರ ಇಡಲಿಲ್ಲವಂತೆ.

ಇತ್ತ ಜುವಾಕಿಮರಿಗೆ ಬರೀ ಸಲಾಮಿನಿಂದ ಸಮಾಧಾನವಿಲ್ಲ. ಒಬ್ಬ ಮನುಷ್ಯ ಹನ್ನೊಂದು ವರ್ಷದ ಮೇಲೆ ಅಕ್ಕನಿಗೆ ಕಳಿಸುವುದು ಎರಡು ಶಬ್ದವಾ? ಕೊನೆಯ ಪಾಠದ ದಿನ ಒಂದು ಕಾಗದ ತೆಗೆದು ಓದಿದರು: 'ಪ್ರೀತಿಯ ಅಕ್ಕಾ, ನನ್ನನ್ನು ಕ್ಷಮಿಸು. ಈ ಮರಳಿನಲ್ಲಿ ದಿನವೂ ನಿನ್ನನ್ನು ನೆನೆದೆ. ದೋಣಿ ನಿನ್ನದೇ.' ಇದನ್ನೆಲ್ಲ ಆ ಭಾಷೆಗೆ ತಿರುಗಿಸಿಯೂ ಇಟ್ಟಿದ್ದರು. 'ಮರಳು' ಸಾಲದು, 'ಮರಳುಗಾಡು' ಆದರೆ ತೂಕ ಬರುತ್ತದೆ ಎಂದು ನಾನೂ ತಿದ್ದಿದೆ. ನಮಗಿಬ್ಬರಿಗೂ ಕಣ್ಣು ಒದ್ದೆಯಾಯಿತು.

"ಇದು ಅವನು ಹೇಳಿದ್ದಲ್ಲ," ಎಂದರು ಶುಕೂರ್.

"ಹೇಳ್ಬೇಕಂತ ಮನಸ್ಸಲ್ಲಿ ಇದ್ದಿರ್ತದೆ ಮಾರಾಯ್ರೆ!"

"ಮನಸ್ಸಲ್ಲಿದ್ದದ್ದು ನನಗೆ ಕೊಡ್ಲಿಲ್ಲ." ಆದರೂ ಜುವಾಕಿಮರ ಮನಸ್ಸು ನೋಯಬಾರದೆಂದು ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು.

ತಾಯಿ ಮಗಳು ಬರುವ ದಿನ ಬೆಳಿಗ್ಗೆ ಜುವಾಕಿಮರನ್ನು ಕರೆದುಕೊಂಡು ನಾನೂ ಗ್ಯಾರೇಜಿಗೆ ಹೋದೆ. ಶುಕೂರ್ ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದರು, ಕಿಸೆಯಲ್ಲಿ ಜುವಾಕಿಮರ ಕಾಗದವಿತ್ತು. ಉಗುರಿನ ಸಂದಿಯ ಗ್ರೀಸು ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಟ್ಯಾಕ್ಸಿಯಿಂದ ಇಳಿದ ಲುತ್ಸಿಯಾ ಗಿಡ್ಡ ಮುದುಕಿ, ಕಪ್ಪು ಉಡುಪು, ಕೈಯಲ್ಲಿ ಕೋಲು. ಯಾರನ್ನೂ ನೋಡದೆ ನೇರ ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಳು, ಜ್ವರ ನೋಡುವವರ ಹಾಗೆ.

ಶುಕೂರ್ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟರು.

"ಯಾ ವಾಸ್ ಪೊಜ್ದ್ರಾವ್ಲ್ಯಾಮ್." ನಾನು ನಿಮಗೆ ಸಲಾಂ ಹೇಳುತ್ತೇನೆ.

ಅವಳು ತಿರುಗಿದಳು.

ತಾನಾಯಿತು, ಜಮೀಲ ಆಯಿತು, ನಾವೆಲ್ಲ ಆಯಿತು. ಹಿಂದೆ ಸಾಲಾಗಿ ನಿಂತ ಮೆಕ್ಯಾನಿಕ್ಕರ ಕಡೆ ಕೈ ತೋರಿಸಿ ಅವರದ್ದೂ ಆಯಿತು. ಪ್ರತಿ ಸಲಾಮಿಗೂ ಮುದುಕಿ ಗೊಂದಲದಿಂದ ತಲೆಯಾಡಿಸಿದಳು. ಆಮೇಲೆ ಶುಕೂರ್ ಒಮ್ಮೆ ಉಸಿರೆಳೆದುಕೊಂಡರು.

"ಆಂತೆ ವಾಸ್ ಪೊಜ್ದ್ರಾವ್ಲ್ಯಾ."

ಮುದುಕಿ ಏನೋ ಕೇಳಿದಳು, ಚೂಪಾದ ದನಿ. ಆನಾ ಇಂಗ್ಲಿಷಿನಲ್ಲಿ ಹೇಳಿದಳು: "ಇನ್ನೇನು ಹೇಳಿದ ಅಂತ ಅಮ್ಮ ಕೇಳುತ್ತಿದ್ದಾಳೆ. ದೋಣಿಯ ವಿಷಯ? ತಪ್ಪಾಯಿತು ಅಂದನಾ?"

ಜುವಾಕಿಂ ನನ್ನ ಪಕ್ಕದಲ್ಲಿ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿ, ತಮ್ಮ ಅಂಗಿಯ ಕಿಸೆ ಮುಟ್ಟಿ ತೋರಿಸಿದರು. ಮುದುಕಿ ಕೋಲೂರಿ ಒಂದು ಹೆಜ್ಜೆ ಮುಂದೆ ಬಂದಳು. ಒಂದು ಕಾಗದ ತೆಗೆದರೆ ಮುಗಿಯುತ್ತಿತ್ತು. ನಿಜ ಹೇಳುತ್ತೇನೆ, ನಾನಾಗಿದ್ದರೆ ತೆಗೆಯುತ್ತಿದ್ದೆ.

"ನೋ ಮೇಡಂ," ಎಂದರು ಶುಕೂರ್. ಅವರ ಕಣ್ಣಲ್ಲೂ ನೀರಿತ್ತು. "ಓನ್ಲಿ ಸಲಾಂ. ಖಲಾಸ್."

ಆನಾ ಅದನ್ನು ತಿಳಿಸಿದಳು. ಮುದುಕಿ ಅವರ ಮುಖ ನೋಡಿದಳು. ಆಮೇಲೆ ಒಂದೇ ಸಮನೆ ಮಾತಾಡತೊಡಗಿದಳು. ಮಾತಿನ ನಡುವೆಯೇ ಅಳು ಬಂತು, ಅಳುವಿನ ನಡುವೆ ನಗು.

"ಆಂತೆ ಹುಟ್ಟಿದಾಗಿನಿಂದ ಯಾರಲ್ಲೂ ಕ್ಷಮೆ ಕೇಳಿದವನಲ್ಲವಂತೆ," ಎಂದಳು ಆನಾ. "ಕೇಳಿದ ಅಂತ ನೀವು ಹೇಳಿದ್ದರೆ, ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಅಮ್ಮನಿಗೆ ಗೊತ್ತಾಗುತ್ತಿತ್ತು. ಆಗ ಸಲಾಮನ್ನೂ ನಂಬುತ್ತಿರಲಿಲ್ಲ. ಬರೀ ಸಲಾಂ ಅಂದರೆ ಅದು ಅವನೇ ಅಂತೆ. ಅವನೇ ಅಂತೆ."

ಲುತ್ಸಿಯಾ ಕೋಲನ್ನು ಕಾರಿಗೆ ಒರಗಿಸಿ ಶುಕೂರ್ ಅವರ ಗ್ರೀಸಿನ ಉಗುರಿನ ಕೈಗಳೆರಡನ್ನೂ ಹಿಡಿದುಕೊಂಡಳು. ಪರ ಹೆಂಗಸು ಕೈ ಹಿಡಿದದ್ದಕ್ಕೆ ಅವರು ಕೆಂಪಾದರೂ ಬಿಡಿಸಿಕೊಳ್ಳಲಿಲ್ಲ. ಸುಲೈಮಾನಿ ಬಂತು. ಹೊರಡುವಾಗ ಅವಳು ಅವರ ಕಡೆ ಬೆರಳು ತೋರಿಸಿ, "ಪೊಜ್ದ್ರಾವಿತೆ ಜೆನು" ಎಂದಳು. ಜುವಾಕಿಮರಿಗೂ ಅದು ಅರ್ಥವಾಗಲಿಲ್ಲ, ಆನಾ ಬಿಡಿಸಿದಳು: "ನಿಮ್ಮ ಹೆಂಡತಿಗೆ ಸಲಾಂ ಹೇಳಿ."

ಶುಕೂರ್ ಪುಸ್ತಕ ತೆಗೆದು, ಕಿವಿಯ ಮೇಲಿನ ಪೆನ್ನು ತೆಗೆದು, ನಿಧಾನವಾಗಿ ಬರೆದುಕೊಂಡರು: ಕೃಷ್ಣಾಪುರ, ಜಮೀಲ. ಕಳಿಸಿದವರು, ಲುತ್ಸಿಯಾ.

ಸಂಜೆ ಕರಾಮಕ್ಕೆ ಮರಳುವಾಗ ಕಾರಿನಲ್ಲಿ ನಾವು ಮೂವರೇ. ಹಿಂದಿನ ಸೀಟಿನಲ್ಲಿ ಜುವಾಕಿಂ ತಮ್ಮ ಕಾಗದವನ್ನು ವಾಪಸು ಪಡೆದು, ಬೇರೆ ಯಾರ ಸಾವಿಗಾದರೂ ಬೇಕಾದೀತೆಂದು ಜೋಪಾನವಾಗಿ ಮಡಚುತ್ತಿದ್ದರು. ಮನಸ್ಸು ತುಂಬಿದಾಗ ನನ್ನ ಬಾಯಿಯಿಂದ ಪೆದ್ದು ಪ್ರಶ್ನೆಗಳೇ ಬರುತ್ತವೆ.

"ಅಲ್ಲ ಶುಕೂರ್ರೇ, ಎಲ್ಲರ ಸಲಾಂ ನೀವು ಮುಟ್ಟಿಸ್ತೀರಿ. ನಾಳೆ ನಿಮ್ಮದೇ ಕೊನೆಯ ಸಲಾಂ ಕಳಿಸುವ ಹೊತ್ತು ಬಂದ್ರೆ ನನ್ನ ಕೈಯಲ್ಲಿ ಕೊಡ್ತೀರಾ?"

ಅವರು ಸಿಗ್ನಲ್ಲಿನ ಕೆಂಪು ದೀಪದಿಂದ ಕಣ್ಣು ತೆಗೆಯದೆ ಹೇಳಿದರು:

"ಇಲ್ಲ ಮಾರಾಯ್ರೆ. ನೀವು ಸೇರಿಸಿ ಹೇಳ್ತೀರಿ."