ಸೂಜಿಯಿಂದಲೇ ಬಂದ ಜ್ವರ

ಮೊನ್ನೆ ಮಗಳ ಮನೆಗೆ ಹೋದಾಗ ಬಾಗಿಲಲ್ಲೇ ಹಸಿ ಬೇವಿನ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಹೊಸಪೇಟೆಯಲ್ಲಿ ಬೇವಿನ ಮರಗಳಿಗೇನೂ ಬರವಿಲ್ಲ. ಆದರೆ ತೊಟ್ಟಿಲಿನ ಹಗ್ಗಕ್ಕೆ ಸಿಕ್ಕಿಸಿದ ಬೇವಿಗೆ ಬೇರೆಯೇ ಅರ್ಥ, ದಡಾರದ ಅಮ್ಮ ಮನೆಗೆ ಬಂದಿದ್ದಾಳೆ ಎಂದು. ಮೊಮ್ಮಗಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿ ಒಂದು ವಾರವಾಗಿತ್ತು. ಮೈ ಬೆಚ್ಚಗಾಗಿತ್ತು. ಬೀಗಿತ್ತಿಯವರು ಸುಮ್ಮನೆ ಇರಲಾರದೆ ಸೊಪ್ಪು ಕಟ್ಟಿದ್ದರು. ಆ ವಾಸನೆ ನನ್ನನ್ನು ಸಂಡೂರು ದಾರಿಯ ಕೆಂಪು ಧೂಳಿಗೆ ಎಳೆದುಕೊಂಡು ಹೋಯಿತು.

ಅದಿರಿನ ಕಾಲ ನಿಮಗೂ ನೆನಪಿರಬಹುದು. ಲಾರಿಗಳು ಇರುವೆ ಸಾಲಿನಂತೆ ಹೋಗುತ್ತಿದ್ದ ವರ್ಷಗಳು. ಒಗೆದು ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿರುತ್ತಿತ್ತು. ಖರ್ಚಿಲ್ಲದೆ ಸನ್ಯಾಸಿಯಾದೆ ಎಂದು ನಾನು ಮನೆಯಲ್ಲಿ ನಗುತ್ತಿದ್ದೆ, ಹೆಂಡತಿ ನಗುತ್ತಿರಲಿಲ್ಲ. ಆಗ ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ. ನಮ್ಮ ಪಕ್ಕದ ಮನೆಯಲ್ಲಿ ಮಕ್ಕಳ ಡಾಕ್ಟರು ಪದ್ಮಜಾ ಇದ್ದರು. ಎತ್ತರದ ಹೆಂಗಸು, ಗಟ್ಟಿ ದನಿ. ಭಾನುವಾರ ದವಾಖಾನೆಗೆ ಬೀಗ ಹಾಕಿ, ಸರ್ಕಾರಿ ಆಸ್ಪತ್ರೆಯ ನರ್ಸಮ್ಮನ ಜೊತೆ ಜೀಪಿನಲ್ಲಿ ಸಂಡೂರು ಕಡೆ ಹೊರಡುತ್ತಿದ್ದರು. ಅಲ್ಲಿ ಅದಿರು ತುಂಬುವ ಕೂಲಿಗಳ ಗುಡಿಸಲುಗಳಿದ್ದವು. ಇಂದು ಇಲ್ಲಿ, ನಾಳೆ ಇನ್ನೊಂದು ಗುಡ್ಡದ ಬುಡದಲ್ಲಿ ಎನ್ನುವ ಜನ. ಅವರ ಮಕ್ಕಳು ಯಾವ ಊರಿನ ಲಸಿಕೆಗೂ ಸಿಕ್ಕಿರಲಿಲ್ಲ.

ಜೀಪಿನಲ್ಲಿ ಜಾಗವಿದ್ದರೆ ನಾನೂ ಹತ್ತುತ್ತಿದ್ದೆ. ಸಮಾಜಸೇವೆ ಎಂದು ತಿಳಿಯಬೇಡಿ. ಸಂಡೂರಿನ ಗುಡ್ಡಗಳ ಆಸೆ. ಲಸಿಕೆಯ ಐಸಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂರುವುದಷ್ಟೇ ನನ್ನ ಕೆಲಸ. ನರ್ಸಮ್ಮನ ಚೀಲದಿಂದ ಸೂಜಿ ಹೊರಬಂದರೆ ನಾನು ಆಕಾಶ ನೋಡುತ್ತಿದ್ದೆ. ನರ್ಸಮ್ಮ ಒಮ್ಮೆ, ಮೊದಲು ಈ ಮೇಷ್ಟ್ರನ್ನು ಯಾರಾದರೂ ಹಿಡಕೊಳ್ಳಿ ಎಂದು ತಾಯಂದಿರನ್ನೆಲ್ಲ ನಗಿಸಿದ್ದರು.

ಅಲ್ಲಿ ಮೊದಲು ಮಗುವನ್ನು ಮುಂದೆ ತಂದವಳು ಹುಲಿಗೆಮ್ಮ. ಚೋರನೂರಿನಲ್ಲಿದ್ದಾಗ ಅವಳ ಚೊಚ್ಚಲ ಮಗ ದಡಾರದಲ್ಲಿ ಹೋಗಿದ್ದ. ಅಮ್ಮ ಬಂದಳು, ಕರಕೊಂಡು ಹೋದಳು ಎಂದಷ್ಟೇ ಅವಳು ಹೇಳುತ್ತಿದ್ದಳು. ಎರಡನೆಯವಳು ದುರುಗಿ, ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸು. ಸೂಜಿ ಹಾಕುವ ಮೊದಲು ಡಾಕ್ಟರು ಎಲ್ಲರಿಗೂ ಹೇಳಿದರು: ವಾರ ಹತ್ತು ದಿನಕ್ಕೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಮೈಮೇಲೆ ನಾಲ್ಕು ಗುಳ್ಳೆ ಏಳಬಹುದು, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಎಲ್ಲರೂ ತಲೆಯಾಡಿಸಿದರು. ಅಷ್ಟು ಜನರೆದುರು ತಲೆಯಾಡಿಸುವುದು ಸುಲಭ.

ಮುಂದಿನ ಭಾನುವಾರ ಹೋದಾಗ ಒಂದು ತಾಯಿಯೂ ಹೊರಗೆ ಬರಲಿಲ್ಲ. ಹುಲಿಗೆಮ್ಮನ ಬಾಗಿಲಿಗೆ ಬೇವು ಕಟ್ಟಿತ್ತು. ಅವಳ ಮಾವ ದ್ಯಾವಪ್ಪ ಹೊಸ್ತಿಲಿಗೆ ಅಡ್ಡ ನಿಂತಿದ್ದ. ಸೂಜಿ ಹಾಕಿದ್ದಕ್ಕೇ ಮನೆಗೆ ಅಮ್ಮ ಬಂದಳು, ಇನ್ನು ಯಾರೂ ಹಾಕಿಸಿಕೊಳ್ಳುವುದಿಲ್ಲ ಎಂದ. ನರ್ಸಮ್ಮ ಮೆಲ್ಲಗೆ, ಇದು ಬಿಸಿಲಿನ ಜ್ವರ ಅಂದುಬಿಡಿ ಮೇಡಂ ಎಂದರು. ನನಗೂ ಅದೇ ಜಾಣತನ ಅನ್ನಿಸಿತ್ತು.

ಡಾಕ್ಟರು ಚಪ್ಪಲಿ ಬಿಟ್ಟು, ಬೇವಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಹೋದರು. ಕೂಸಿನ ಕಣ್ಣು, ಗಂಟಲು, ಎದೆ ಎಲ್ಲ ನೋಡಿದರು. ಹುಲಿಗೆಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಒಂದನ್ನು ಕಳೆದುಕೊಂಡವಳು, ಇನ್ನೊಂದನ್ನು ಕೈಯಾರೆ ಕೊಟ್ಟುಬಂದೆನೇ ಎಂಬ ಮುಖ.

"ಈ ಜ್ವರ ಸೂಜಿಯಿಂದಾನ ಬಂದದವ್ವ. ನಾನ ಹಾಕಿಸೀನಿ, ಅಲ್ಲ ಅನ್ನಂಗಿಲ್ಲ," ಎಂದರು ಡಾಕ್ಟರು. "ನಿನ್ನ ಮಗನ್ನ ಒಯ್ದ ಜಡ್ಡು ಇದಲ್ಲ. ಅದು ಬಂದ್ರ ಹೆಂಗ ತಡೀಬೇಕಂತ ಮೈ ಕಲೀಲಿಕ್ಕ ಹತ್ತೇತಿ. ಕೂಸು ನೀರು ಕುಡೀಲಿ, ಮೊಲಿ ಕುಡೀಲಿ. ಜ್ವರ ಇಳಿಯೋತನಕ ನಾ ಇಲ್ಲೇ ಕುಂದರ್ತೀನಿ."

ಕುಳಿತರು. ಅದಿರಿನ ಗೋಣಿಚೀಲದ ಮೇಲೆ, ತಗಡಿನ ಕಾವಿನ ಕೆಳಗೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರು, ಔಷಧಿ ಹನಿ ಕುಡಿಸಿದರು, ಮಧ್ಯಾಹ್ನ ಅವರು ಕೊಟ್ಟ ರೊಟ್ಟಿ, ಪುಂಡಿಪಲ್ಯ ಉಂಡರು. ದ್ಯಾವಪ್ಪ ಬೇವು ತೆಗೆಯಬೇಕೇ ಎಂದು ಕೆಣಕಿದ್ದಕ್ಕೆ, "ಇರ್ಲಿ ಬಿಡ್ರಿ, ಅದೇನ್ ಮಾಡೇತಿ," ಎಂದರು. ನಾನು ಹೊರಗೆ ಜೀಪಿನ ನೆರಳಿನಲ್ಲಿ ತೂಕಡಿಸಿದೆ. ಬಿಸಿಲು ಗುಡ್ಡದಾಚೆ ಸರಿಯುವ ಹೊತ್ತಿಗೆ ದುರುಗಿ ಬೆವೆತು, ಕಣ್ಣು ಬಿಟ್ಟು, ಡಾಕ್ಟರ ಬಳೆ ಹಿಡಿದು ಎಳೆಯಿತು. ಹುಲಿಗೆಮ್ಮ ಆಗ ಅತ್ತಳು. ಮರುವಾರ ಅದೇ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅವಳೇ ಮನೆಮನೆಗೆ ಹೋಗಿ ತಾಯಂದಿರನ್ನು ಕರೆತಂದಳು.

ಬೇಸಿಗೆಯಲ್ಲಿ ನಿಜವಾದ ದಡಾರ ಬಂತು. ಹೊಸದಾಗಿ ಬಂದಿಳಿದ ಕುಟುಂಬಗಳ ಮಕ್ಕಳು ಒಂದರ ಹಿಂದೆ ಒಂದು ಮಲಗಿದವು. ಒಂದಕ್ಕೆ ಎದೆಗೆ ಕಫ ಇಳಿದು ಬಳ್ಳಾರಿಗೆ ಸಾಗಿಸಬೇಕಾಯಿತು. ಬಹಳ ದಿನ ನರಳಿ ಉಳಿಯಿತು. ಸೂಜಿ ಹಾಕಿಸಿಕೊಂಡವರಲ್ಲಿ ದುರುಗಿಯೂ ಸೇರಿ ಹೆಚ್ಚಿನವರು ಆ ಮಕ್ಕಳ ನಡುವೆಯೇ ಆಡಿಕೊಂಡಿದ್ದರು. ಆದರೆ ದ್ಯಾವಪ್ಪನ ಇನ್ನೊಬ್ಬ ಮೊಮ್ಮಗನಿಗೆ, ಸೂಜಿ ಹಾಕಿಸಿದ್ದರೂ, ರೋಗ ಬಂತು. ಹಗುರಾಗಿ ಬಂದು ಹೋಯಿತು, ಆದರೂ ಬಂತು. ಮುದುಕ ಬಸ್ಸು ಹತ್ತಿ ದವಾಖಾನೆಗೇ ಬಂದು, ಸೂಜಿ ಹಾಕಿಸಿಯೂ ಯಾಕೆ ಬಂತು ಎಂದು ಲೆಕ್ಕ ಕೇಳಿದ. ನಾನು ಅಲ್ಲೇ ಪೇಪರು ಓದುತ್ತಿದ್ದೆ.

ಡಾಕ್ಟರು ಅವನನ್ನು ಎದುರು ಕೂರಿಸಿಕೊಂಡರು. "ಸೂಜಿ ಭಾಳ ಮಂದಿಗೆ ಹಿಡೀತದ ಯಜಮಾನ್ರ, ಎಲ್ಲಾರಿಗೂ ಹಿಡಿಯಂಗಿಲ್ಲ. ಹಿಡೀಲಾರದವರನ್ನ ಸುತ್ತಲಿನವರು ಕಾಯಬೇಕು. ಅವರಿಗೆಲ್ಲ ಸೂಜಿ ಆಗಿದ್ರ ಜಡ್ಡು ನಿಮ್ಮ ಮೊಮ್ಮಗನ ತನಕ ಬರಲಿಕ್ಕೆ ದಾರೀನ ಇರ್ತಿದ್ದಿಲ್ಲ."

ಅವನು ಎದ್ದು ಹೋದ. ಕೆಲವು ದಿನಗಳಾದ ಮೇಲೆ ಅದಿರಿಲ್ಲದ ಒಂದು ಟಿಪ್ಪರ್ ಲಾರಿ ದವಾಖಾನೆಯ ಮುಂದೆ ಬಂದು ನಿಂತಿತು. ಅದರ ಹಿಂದೆ ಅದಿರು ತುಂಬುವ ಜಾಗದಲ್ಲಿ ಇನ್ನೂ ಜಡ್ಡು ತಾಗದ, ಸೂಜಿಯೂ ಆಗದ ಮಕ್ಕಳು, ಅವರ ತಾಯಂದಿರು, ಎಲ್ಲರ ಕೂದಲಿಗೂ ಕೆಂಪು ಧೂಳು. ಒಂದು ಟ್ರಿಪ್ಪು ಬಿಟ್ಟರೆ ಪ್ರಾಣ ಬಿಟ್ಟಂತೆ ಲಾರಿಯವರು ಓಡಿಸುತ್ತಿದ್ದ ದಿನಗಳವು. ದ್ಯಾವಪ್ಪ ಡ್ರೈವರನನ್ನು ಹೇಗೆ ಒಪ್ಪಿಸಿದನೋ ನನಗೆ ಇವತ್ತಿಗೂ ತಿಳಿಯದು. ಕ್ಯಾಬಿನ್ನಿನಿಂದ ಇಳಿದ ಮುದುಕ ಒಬ್ಬೊಬ್ಬ ಮಗುವನ್ನೂ ತಾನೇ ಎತ್ತಿ ಇಳಿಸಿದ. ಡಾಕ್ಟರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಮುಂದೆ ಬಂದು ಒಂದು ಕೂಸಿಗೆ ಕೈ ಚಾಚಿದರು.

ಡಾಕ್ಟರು ಈಗಿಲ್ಲ. ನನ್ನ ಮಗಳು ಸಣ್ಣವಳಿದ್ದಾಗ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಸೂಜಿಯನ್ನು ಅವರೇ ಹಾಕಿದ್ದರು. ರುಬೆಲ್ಲಾದಂಥ ಸಣ್ಣ ಜ್ವರಕ್ಕೆ ಸೂಜಿ ಯಾಕೆ ಎಂದು ನಾನು ಕೇಳಿದ್ದಕ್ಕೆ, ಅದು ಇವಳಿಗಿಂತ ಹೆಚ್ಚಾಗಿ ಮುಂದೆ ಇವಳ ಹೊಟ್ಟೆಯಲ್ಲಿ ಬೆಳೆಯುವ ಕೂಸಿನ ಕಣ್ಣು, ಕಿವಿ, ಎದೆಗಾಗಿ ಎಂದಿದ್ದರು.

ಮೊನ್ನೆ ಮಗಳು ತೊಟ್ಟಿಲು ತೂಗುತ್ತಾ, "ಸೂಜಿಯಿಂದಾನ ಜ್ವರ ಬಂತೇನಪ್ಪ?" ಎಂದಳು. ಹೆದರಿದವರೆದುರು ಅಲ್ಲ ಅನ್ನುವುದೇ ನನ್ನ ಹಳೆಯ ಅಭ್ಯಾಸ. ಮೊನ್ನೆ ಮಾತ್ರ ಹೌದು ಎಂದೆ. ಬಹುಶಃ ಅದರಿಂದಲೇ, ಎರಡು ದಿನದಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗೋಣ, ಅಲ್ಲಿಯವರೆಗೆ ನಾನು ಇಲ್ಲೇ ಇರುತ್ತೇನೆ ಎಂದು ಕುರ್ಚಿ ಎಳೆದುಕೊಂಡೆ. ಅವಳ ಆ ಹಳೆಯ ಸೂಜಿಯ ಕಥೆಯನ್ನೂ ಹೇಳಿದೆ.

ಅವಳು ತನ್ನ ತೋಳನ್ನೊಮ್ಮೆ ನೋಡಿಕೊಂಡಳು. "ನಂಗ ಏನೂ ನೆನಪಿಲ್ಲಪ್ಪ."

"ಸೂಜಿ ಆಗಿತ್ತಲ್ಲ, ನೆನಪಿಡೋವಂಥದ್ದು ಏನೂ ಆಗ್ಲಿಲ್ಲವ್ವ," ಎಂದೆ.