ಮಂಗಳದ ಅಂಗಳಕ್ಕೊಂದಿಷ್ಟು ಹೆಪ್ಪು

ನಮ್ಮ ಅಡಿಗೆಮನೆಯ ಮೂಲೆಯಲ್ಲಿ ಅಂಗೈ ಮೇಲೆ ಕೂರುವಂಥ ಒಂದು ಕುಡಿಕೆ ಇದೆ, ಹೆಪ್ಪಿನ ಮೊಸರಿನದು. ಮನುಷ್ಯ ಭೂಮಿ ಬಿಟ್ಟು ಚಂದ್ರನಲ್ಲೋ ಮಂಗಳದಲ್ಲೋ ನೆಲೆಸಬೇಕೇ ಎಂದು ಯಾರಾದರೂ ವಾದಕ್ಕಿಳಿದರೆ, ಆಕಾಶಕ್ಕಿಂತ ಮೊದಲು ನನ್ನ ಕಣ್ಣು ಹೋಗುವುದು ಆ ಕುಡಿಕೆಯ ಕಡೆಗೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣಿ ಹಿಡಿದ ಗೌಂಡಿ. ಕೊಟ್ಟೂರಲ್ಲಿ ನಾನೆತ್ತಿದ ಯಾವ ಗೋಡೆಗಾದರೂ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡ್ರಿ, ಕೂದಲೆಳೆಯಷ್ಟು ವಾಲಿದ್ದರೆ ನನ್ನ ಹೆಸರು ಬದಲಿಸಿರಿ. ಮೂರು ತಲೆಮಾರು ಒಂದೇ ಓಣಿಯಲ್ಲಿ ಒತ್ತಿಕೊಂಡು ಬಾಳಿದ ಮನೆತನ ನಮ್ಮದು. ಕಾಲು ಚಾಚುವಷ್ಟು ಜಾಗದ ಆಸೆಗೆ ನಾನು ಊರ ಹೊರಗೆ, ಕಲ್ಲಲ್ಲದೆ ಬೇರೇನೂ ಇಲ್ಲದ ಮಡ್ಡಿಯ ಮೇಲೆ ಮನೆ ಕಟ್ಟಿದೆ. ಗೃಹಪ್ರವೇಶಕ್ಕೆ ಬಂದ ಹೆಂಡತಿಯ ತಮ್ಮ ಸುತ್ತ ನೋಡಿ, "ಏನ್ ಮಾವ, ಚಂದ್ರನ ಮ್ಯಾಲೆ ಇಳಿದಂಗಾತಲ್ಲ. ಉಸರಾಡಾಕ ಗಾಳಿನರ ಐತೋ ಇಲ್ಲೋ?" ಅಂದ. ಎಲ್ಲರೂ ನಕ್ಕರು, ನನ್ನ ಹೆಂಡತಿ ಗಂಗಮ್ಮ ನಗಲಿಲ್ಲ.

ಓಣಿಯಲ್ಲಾದರೆ ಹೆಪ್ಪು ಕೆಟ್ಟ ದಿನ ಬಟ್ಟಲು ಹಿಡಿದು ಪಕ್ಕದ ಬಾಗಿಲಿಗೆ ಹೋದರಾಯಿತು. ಇಲ್ಲಿ ಬಿರುಬೇಸಿಗೆಗೆ ಅದು ಕೆಟ್ಟಾಗ ಕೇಳಲು ಬಾಗಿಲೇ ಇರಲಿಲ್ಲ. "ಹೆಪ್ಪು ಕೇಳಾಕ ಒಂದ್ ಮನಿ ಇಲ್ಲಂದ್ರ ಅದು ಊರಲ್ಲ. ದೀಪಾವಳಿತನಕ ಹಿಂಗ ಇದ್ರ ನಾನು ಹಳೇ ಓಣಿಗೆ ಹೋಗಾಕಿ" ಅಂದಳು. ಗಂಗಮ್ಮ ಅಂದದ್ದನ್ನು ಮಾಡುವ ಹೆಂಗಸು.

ಇರುವ ಭೂಮಿಯನ್ನೇ ನೆಟ್ಟಗೆ ನೋಡಿಕೊಳ್ಳದವರಿಗೆ ಇನ್ನೊಂದು ಲೋಕವೇಕೆ ಎನ್ನುವವರ ಮಾತಿಗೆ ತೂಕವಿದೆ. ಸೋರುವ ಮಾಳಿಗೆಗೆ ಬೆನ್ನು ಹಾಕಿ ಹೊಸ ಪಾಯ ತೋಡುವವನನ್ನು ನಾನೂ ಮೆಚ್ಚಲಾರೆ. ಆದರೆ ಇವತ್ತಿನ ಯಾವ ಊರು ಒಂದು ಕಾಲಕ್ಕೆ ಮಡ್ಡಿಯಾಗಿರಲಿಲ್ಲ ಹೇಳ್ರಿ? ಹೆಪ್ಪು ಕೊಟ್ಟ ಮನೆಯ ಮೊಸರು ಎಂದಾದರೂ ಬತ್ತಿದ್ದುಂಟೆ? ಒಯ್ಯುವ ಹೆಪ್ಪು ಮಾತ್ರ ಒಳ್ಳೆಯದಿರಬೇಕು. ಇಲ್ಲಿನ ಜಗಳ, ಇಲ್ಲಿನ ಮೇಲು‑ಕೀಳು ಬೆರೆತರೆ ಅಲ್ಲಿನ ಹಾಲೂ ಒಡೆದೀತು.

ಮಳೆಗಾಲ ಮುಗಿಯುತ್ತಲೇ ವೆಲ್ಡಿಂಗ್ ಕೆಲಸದ ರಫೀಕ್ ನಮ್ಮ ಮಗ್ಗುಲಲ್ಲಿ ಎರಡು ಕೋಣೆ ಕಟ್ಟಿಸಿದ, ಗೋಡೆ ಎತ್ತಿದವ ನಾನೇ. ಅವರು ಇರಲು ಬಂದ ದಿನವೇ, ನಾವು ದೀಪ ಹಚ್ಚಿದ ಮೇಲೆ, ಅವನ ಹೆಂಡತಿ ಶಮೀಮಾ ಬಟ್ಟಲು ಹಿಡಿದು ಬಂದಳು. "ಅಕ್ಕಾ, ಚೂರು ಹೆಪ್ಪು ಕೊಡ್ರಿ."

ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆಂದು ಸ್ವಂತ ತಂಗಿಯನ್ನೇ ಬರಿಗೈಲಿ ಕಳಿಸಿದವಳು ಗಂಗಮ್ಮ. ಅವಳು ದೀಪ ನೋಡಿದಳು, ಶಮೀಮಾಳ ಬೆನ್ನ ಹಿಂದೆ ಇನ್ನೊಂದು ಬಾಗಿಲಿಲ್ಲದ ಮಡ್ಡಿಯ ಕತ್ತಲು ನೋಡಿದಳು, ಒಳಹೋಗಿ ಕುಡಿಕೆ ತಂದಳು.

"ತಗೋಳವ್ವ. ಲಕ್ಷ್ಮಿ ಹೋದ್ರೂ ಎಲ್ಲಿಗೆ ಹೋಗ್ತಾಳ, ಇರೋವು ಎರಡ ಮನಿ. ನಿಮ್ಮನಿಗೇ ಬರ್ತಾಳ."

ದೀಪಾವಳಿ ಬಂದು ಹೋಯಿತು, ಗಂಗಮ್ಮ ಹೋಗಲಿಲ್ಲ. ಈಗ ಮಡ್ಡಿಯ ಮೇಲೊಂದು ಓಣಿಯೇ ಆಗಿದೆ. ಆದ್ದರಿಂದ ಹೇಳುತ್ತೇನೆ, ಹೋಗಲಿ ಮನುಷ್ಯ, ಮಂಗಳಕ್ಕೂ ಹೋಗಲಿ. ಅಲ್ಲಿ ಮೊದಲ ಮನೆ ಎದ್ದಾಗ ಬಾವುಟ ನೆಡುವವರು ನೆಡಲಿ. ಎರಡನೆಯ ಮನೆಯಾಕೆ ಬಟ್ಟಲು ಹಿಡಿದು ಬಂದ ದಿನ ನಾವು ಗೆದ್ದೆವೆನ್ನುತ್ತೇನೆ. ಹೋದ ವಾರ ನಮ್ಮ ಹೆಪ್ಪು ಕೆಟ್ಟಿತ್ತು. ಈಗ ಕುಡಿಕೆಯಲ್ಲಿರುವುದು ಶಮೀಮಾ ಕೊಟ್ಟದ್ದು, ಗಟ್ಟಿಯಾಗಿ ಕೂತಿದೆ.