ಖಾಲಿ ಕೋಟೆ

ನನ್ನ ಗೆಳೆಯ ಬೆಟಗೇರಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಲಕ್ವಾ ಹೊಡೆದ ಮೇಲೆ ಅವನ ಬಲಗೈ ಸೋತಿತು. ಮಾತು ಪೂರ್ತಿ ಹೋಗಲಿಲ್ಲ, ಆದರೆ ಒಂದೊಂದು ಶಬ್ದ ಹೊರಬರಲೂ ಬಹಳ ಹೊತ್ತು ಹಿಡಿಯುತ್ತಿತ್ತು. ನೋಡಲು ಹೋದವರು ಅವನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ.

ಕಾಲೇಜಿನ ದಿನಗಳಲ್ಲಿ ನಾವಿಬ್ಬರೂ ಗದಗಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಭಾನುವಾರಗಳನ್ನು ಕಳೆದವರು. ಅಲ್ಲೊಂದು ಆಟವಿತ್ತು. ಕೋಟೆ ಕಟ್ಟಬೇಕು, ರಾಕ್ಷಸರು, ರೆಕ್ಕೆಯ ಕುದುರೆಗಳು ಎಲ್ಲವನ್ನೂ ಕೂಡಿಸಿ ದಂಡು ಮಾಡಬೇಕು, ರಾಜ್ಯ ಗೆಲ್ಲಬೇಕು. ಚದುರಂಗದಂತೆ ಪಾಳಿಯ ಮೇಲೆ ಆಟ. ಇದ್ದದ್ದು ಒಂದೇ ಕಂಪ್ಯೂಟರ್, ಹಾಗಾಗಿ ಒಬ್ಬ ಆಡುವಾಗ ಅವನ ನಡೆ ಕಾಣದಂತೆ ಇನ್ನೊಬ್ಬ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಆಮೇಲೆ ಆ ಆಟದ ಸರಣಿಯೇ ನಿಂತುಹೋಯಿತು. ನಾನು ಮುಂಡರಗಿಯಲ್ಲಿ ಮಾಸ್ತರನಾದೆ.

ಅದೇ ಸರಣಿಗೆ ಮತ್ತೆ ಜೀವ ಬಂದು ಹೊಸ ಆಟ ಬಂದಿದೆ ಎಂದು ಈಚೆಗೆ ತಿಳಿದಾಗ, ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬೆಟಗೇರಿಯ ಬಸ್ಸು ಹತ್ತಿದೆ.

ಬಾಗಿಲಲ್ಲೇ ಗೆಳೆಯನ ಹೆಂಡತಿ ಕೇಳಿದಳು: “ಆಟ ಅಂತೀರಿ, ಅವರಿಗೆ ತ್ರಾಸ ಆಗೂದಿಲ್ಲೇನ್ರಿ? ಅಂಗಿ ಗುಂಡಿ ಹಾಕ್ಕೊಳ್ಳಾಕ ಅರ್ಧಾ ತಾಸು ಬೇಕಾಗತೈತಿ.”

“ಈ ಆಟಕ್ಕ ಗಡಿಬಿಡಿ ಇಲ್ರಿ. ಎಷ್ಟೊತ್ತಾದ್ರೂ ಕಾಯತೈತಿ,” ಎಂದೆ.

ಪರದೆ ಬೆಳಗಿತು. ಕಪ್ಪು ಮಂಜು ಸರಿದು ಕಾಡು, ಕಡಲು, ಬೆಟ್ಟದ ನೆತ್ತಿಯ ಕೋಟೆ ಕಾಣಿಸಿದವು. ಹಿಂದೆ ನಾವು ಆಳಿದ್ದು ಮಸುಕು ಚುಕ್ಕೆಗಳ ರಾಜ್ಯ. ಇಲ್ಲಿ ನೀರಿನ ಮೇಲೆ ಮೋಡದ ನೆರಳು ಹಾಯುತ್ತಿತ್ತು. ಗೆಳೆಯ ಬಾಯಿ ತೆರೆದು ನೋಡಿದ. ಆಮೇಲೆ ಎಡಗೈಯನ್ನು ಮೌಸಿನ ಮೇಲಿಟ್ಟ. ನಾನು ಗೋಡೆಯ ಕಡೆ ತಿರುಗಿದೆ.

ಅವನ ಪಾಳಿಗೆ ಹತ್ತು ನಿಮಿಷ, ನನ್ನದಕ್ಕೆ ಒಂದು. ಕನಿಕರದಿಂದ ಮೆತ್ತಗೆ ಆಡುತ್ತಿದ್ದೆ. ಊಟದ ಹೊತ್ತಿಗೆ ನನ್ನ ಬೇಹಿನ ಹಕ್ಕಿ ಅವನ ಕೋಟೆಯ ಮೇಲೆ ಹಾರಿತು. ಕೋಟೆ ಖಾಲಿ! ಒಬ್ಬ ಬಿಲ್ಲುಗಾರನೂ ಇಲ್ಲ. ಕಾವಲಿಡುವುದನ್ನು ಮರೆತಿದ್ದಾನೆ, ಪಾಪ, ಅಂದುಕೊಂಡೆ. ಎರಡು ಪಾಳಿ ಬಿಟ್ಟುಕೊಟ್ಟೆ. ಕೊನೆಗೆ ಆಸೆ ತಡೆಯದೆ, ರಾಜಧಾನಿಯಲ್ಲಿದ್ದ ಕಾವಲಿನವರನ್ನೂ ಸೇರಿಸಿ ಇಡೀ ದಂಡನ್ನು ಹೊರಡಿಸಿದೆ.

ಅವನ ಕೋಟೆಗೆ ಇನ್ನೊಂದೇ ಪಾಳಿಯ ದಾರಿ ಉಳಿದಿತ್ತು. ಗೋಡೆಯಿಂದ ಈಚೆ ತಿರುಗಿದಾಗ ನನ್ನ ರಾಜಧಾನಿಯ ಮೇಲೆ ಅವನ ಬಾವುಟ ಹಾರುತ್ತಿತ್ತು.

“ಇದ್ಹೆಂಗಲೇ?”

ಅವನು ಎಡಗೈ ಬೆರಳಿನಿಂದ ನಕಾಶೆಯ ಅಂಚಿನ ಕಡಲನ್ನು ಉದ್ದಕ್ಕೂ ತೋರಿಸಿದ. ಅವನ ದಂಡು ಹಡಗಿನಲ್ಲಿ, ನಾನು ಹುಡುಕದ ಕಡೆ ಇನ್ನೂ ಕವಿದಿದ್ದ ಮಂಜಿನ ಮರೆಯಲ್ಲಿ ಸುತ್ತುಹಾಕಿ ಬಂದಿತ್ತು, ಬೆಳಗಿನಿಂದಲೂ! ಆಮೇಲೆ ಮಾತು ಕೂಡಿಸಲು ತೊಡಗಿದ. ಈ ಸಲ ಅದನ್ನು ನಾನೇ ಮುಗಿಸಲು ಹೋಗಲಿಲ್ಲ.

“ನೀ... ಪಾಪ ಅಂತ... ಆಡಾಕತ್ತಿದ್ದಿ. ಗೊತ್ತಾತು ನನಗ. ಅದಕ್ಕ... ಕ್ವಾಟಿ... ಖಾಲಿ ಇಟ್ಟೆ.”

ಒಂದು ಗುಂಡಿ ಹಾಕಿಕೊಳ್ಳಲು ಒದ್ದಾಡುವ ಈ ಮನುಷ್ಯ ನನ್ನ ಕನಿಕರವನ್ನು ಅಳೆದು, ಅದನ್ನೇ ಗಾಳಕ್ಕೆ ಸಿಕ್ಕಿಸಿ, ಅಷ್ಟೂ ಪಾಳಿ ತಾಳ್ಮೆಯಿಂದ ಕಾದಿದ್ದ. ಇಷ್ಟು ತಿಂಗಳು ನಾನು ಯಾರನ್ನು ಸಮಾಧಾನ ಮಾಡಲು ಬರುತ್ತಿದ್ದೆ?

ಸಂಜೆಯ ಹೊತ್ತಿಗೆ ಪೂರ್ತಿ ಸೋತೆ. ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಬಂದೆ. ವಾರದ ಮೇಲೆ ಅವನ ಹೆಂಡತಿ ಫೋನ್ ಮಾಡಿದಳು.

“ನನಗೂ ಆಟ ಕಲಿಸಾಕತ್ತಾರ್ರಿ. ಸಿಟ್ಟು ಭಾಳ ಈ ಹೊಸಾ ಮಾಸ್ತರಗ. ತಪ್ಪು ನಡಿ ನಡದ್ರ ಬೈತಾರ, ಎಷ್ಟೊತ್ತಾದ್ರೂ ಮಾತು ಪೂರಾ ಮುಗಿಸೇ ಬೈತಾರ ನೋಡ್ರಿ!” ಎಂದು ನಕ್ಕಳು.